ಅಂಕಗಳನ್ನು ಗಟ್ಟಿಯಾಗಿ ಓದಬೇಕೆ?

ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಿರುಗಿಸುವ ದಿನದ ನೆನಪು ನಮ್ಮಲ್ಲಿ ಯಾರಿಗೆ ತಾನೆ ಇಲ್ಲ? ಉಪಾಧ್ಯಾಯರು ಕಾಗದಗಳ ಕಟ್ಟನ್ನು ಕಂಕುಳಲ್ಲಿ ಇರಿಸಿಕೊಂಡು ತರಗತಿಯೊಳಕ್ಕೆ ಬರುವರು. ಅದುವರೆಗೆ ಸಂತೆಯಂತಿದ್ದ ಕೊಠಡಿಯು ಒಮ್ಮೆಗೇ ನಿಶ್ಶಬ್ದವಾಗುವುದು. ಕಟ್ಟಿನ ದಾರವನ್ನು ಬಿಚ್ಚುವುದಕ್ಕೆ ಅವರು ತೆಗೆದುಕೊಳ್ಳುವ ಹೊತ್ತು ನಲವತ್ತು ಮಕ್ಕಳಿಗೂ ಒಂದು ಯುಗವಾಗಿ ತೋರುವುದು. ಬಳಿಕ ಹೆಸರೂ ಅಂಕವೂ ಜೊತೆಜೊತೆಯಾಗಿ ಎಲ್ಲರ ಕಿವಿಗೂ ಬೀಳತೊಡಗುವುವು. ಕೆಲವರ ಮುಖ ಅರಳುವುದು. ಕೆಲವರ ಮುಖ ಬಾಡುವುದು. ಇನ್ನು ಕೆಲವರು ತಮ್ಮ ಸರದಿ ಬರುವ ಮೊದಲೇ ಬೆಂಚಿನ ಕೆಳಗೆ ಬಿದ್ದಿರದ ಪೆನ್ಸಿಲನ್ನು ಹುಡುಕುತ್ತ ತಲೆ ತಗ್ಗಿಸುವರು.

ಈ ಪದ್ಧತಿಯು ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಅದು ಸರಿಯೋ ತಪ್ಪೋ ಎಂದು ಕೇಳಬೇಕೆಂಬ ಯೋಚನೆಯೇ ನಮಗೆ ಹುಟ್ಟುವುದಿಲ್ಲ. ಈಚೆಗಂತೂ ಅದು ತರಗತಿಯ ನಾಲ್ಕು ಗೋಡೆಗಳನ್ನು ದಾಟಿ ಮನೆಯೊಳಕ್ಕೂ ನುಗ್ಗಿದೆ. ಕೈಯಲ್ಲಿ ಹಿಡಿಯುವ ಫೋನಿನಲ್ಲಿ ತಂದೆತಾಯಿಗಳದೊಂದು ವಾಟ್ಸಾಪ್ ಗುಂಪು. ಅದರಲ್ಲಿ ಒಂದು ಸಂಜೆ ಇಡೀ ತರಗತಿಯ ಅಂಕಪಟ್ಟಿ. ಒಲೆಯ ಮೇಲೆ ಹಾಲಿಟ್ಟ ತಾಯಿಯು ಆ ಪಟ್ಟಿಯಲ್ಲಿ ಮೊದಲು ತನ್ನ ಮಗುವಿನ ಹೆಸರನ್ನೂ ಮರುಕ್ಷಣವೇ ನೆರೆಮನೆಯ ಮಗುವಿನ ಹೆಸರನ್ನೂ ಹುಡುಕುವಳು. ಹಾಲು ಉಕ್ಕುವುದು, ಅದರ ಹಿಂದೆಯೇ ಮಾತೂ ಉಕ್ಕುವುದು. ಆದುದರಿಂದ ಇದು ಶಾಲೆಯವರು ಮಾತ್ರವೇ ವಿಚಾರಮಾಡಿಕೊಳ್ಳಲೆಂದು ನಾವು ಬಿಟ್ಟುಬಿಡಬಹುದಾದ ವಿಷಯವಲ್ಲ. ಗೃಹಸ್ಥರೂ ಗೃಹಿಣಿಯರೂ ಇದನ್ನು ಕುರಿತು ಒಂದಿಷ್ಟು ಆಲೋಚಿಸುವುದು ಯುಕ್ತವಾಗಿದೆ.

ಇದನ್ನು ಬರೆಯುತ್ತಿರುವ ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಗಣಿತವನ್ನು ಬೋಧಿಸಿ ನಿವೃತ್ತನಾದ ಉಪಾಧ್ಯಾಯನು. ಅಂಕಗಳನ್ನು ಗಟ್ಟಿಯಾಗಿ ಓದಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು. ಅಷ್ಟೇ ಅಲ್ಲ, ಕಾಗದಗಳನ್ನು ಅಂಕಗಳು ಇಳಿಯುವ ಕ್ರಮದಲ್ಲಿ ಜೋಡಿಸಿಕೊಂಡು ಬಂದು ಮೇಲಿನಿಂದ ಕೆಳಕ್ಕೆ ಹಂಚುತ್ತಿದ್ದೆನು. ಹಾಗೆ ಮಾಡಿದರೆ ಎಲ್ಲರಿಗೂ ಹುರುಪು ಹುಟ್ಟುವುದೆಂದು ನಾನು ನಂಬಿದ್ದೆನು. ಒಂದು ವರ್ಷ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದನು. ನನ್ನ ಕೈಯಲ್ಲಿ ಮೂರು ನಾಲ್ಕು ಕಾಗದಗಳು ಉಳಿಯುವಷ್ಟರಲ್ಲಿ ಅವನು ತಾನಾಗಿಯೇ ಎದ್ದು ಬಂದು ನನ್ನ ಮೇಜಿನ ಬಳಿ ನಿಂತುಬಿಡುವನು. “ಕೂಗುವ ಶ್ರಮ ತಮಗೇಕೆ, ಸಾರ್? ನಾನೇ ಬಂದಿದ್ದೇನೆ” ಎನ್ನುವನು. ತರಗತಿಯು ನಗುವುದು; ಅವನೂ ನಗುವನು; ನಾನೂ ನಗುತ್ತಿದ್ದೆನು. ಹುಡುಗನು ಹಸನ್ಮುಖಿಯೆಂದು ನಾನು ತಿಳಿದಿದ್ದೆನು. ಅವನ ವಿಷಯವನ್ನು ಕೊನೆಯಲ್ಲಿ ಮತ್ತೆ ಎತ್ತುವೆನು.

ಎಲ್ಲರೆದುರಿಗೆ ಮೇಲುಕೀಳುಗಳನ್ನು ತೋರಿಸಿ ಕಲಿಸುವ ಕ್ರಮವು ಹೊಸದೇನೂ ಅಲ್ಲ. ನಮ್ಮ ನಾಡಿನಲ್ಲಿಯೇ ಅದಕ್ಕೆ ಹಳೆಯ ಸಾಕ್ಷ್ಯವಿದೆ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ಪಾಠಶಾಲೆಗಳ ಸ್ಥಿತಿಯನ್ನು ವಿಚಾರಿಸುವಂತೆ ಆಜ್ಞೆಮಾಡಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು 1823ರ ಆಗಸ್ಟಿನಲ್ಲಿ ಬರೆದ ವರದಿಯು ಪ್ರಸಿದ್ಧವಾಗಿದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದುವು. ಬೆಳಗಿನ ಜಾವ ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ. ಎಂದರೆ ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಬಂದ ಬಂದವರಿಗೆಲ್ಲ ಒಂದೊಂದು ಪೆಟ್ಟು ಹೆಚ್ಚುತ್ತ ಹೋಗುತ್ತಿತ್ತು. ಈ ವರದಿಯನ್ನು ಧರ್ಮಪಾಲರು 1983ರಲ್ಲಿ ಪ್ರಕಟಿಸಿದ “ದಿ ಬ್ಯೂಟಿಫುಲ್ ಟ್ರೀ” ಎಂಬ ಗ್ರಂಥದಲ್ಲಿ ಇಂದಿಗೂ ಓದಬಹುದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆ ಐಗಳು ಎಲ್ಲರೆದುರಿಗೆ ಸಾರುತ್ತಿದ್ದುದು ಹುಡುಗನು ಎದ್ದು ಬಂದ ಹೊತ್ತನ್ನೇ ಹೊರತು ಅವನ ಬುದ್ಧಿಯನ್ನಲ್ಲ. ಈ ದಿನ ಹದಿನೆಂಟನೆಯವನಾಗಿ ಬಂದು ಪೆಟ್ಟು ತಿಂದವನು ನಾಳೆ ಕೋಳಿ ಕೂಗುವ ಮೊದಲೇ ಎದ್ದು ಸರಸ್ವತಿಯನ್ನು ಅಂಗೈಯಲ್ಲಿ ಹೊರಬಹುದಾಗಿತ್ತು. ಎರಡನೆಯದಾಗಿ, ಆ ಶಾಲೆಗಳಲ್ಲಿ ಮುಂದುವರಿದ ಮಕ್ಕಳು ಹಿಂದುಳಿದವರಿಗೆ ಪಾಠ ಹೇಳಿಕೊಡುತ್ತಿದ್ದರೆಂದೂ ಅದರಿಂದ ಹೇಳಿಕೊಟ್ಟವರ ವಿದ್ಯೆಯೂ ದೃಢವಾಗುತ್ತಿತ್ತೆಂದೂ ಕ್ಯಾಂಬೆಲ್ ಮೆಚ್ಚಿ ಬರೆದಿರುವನು. ಯಾರು ಮುಂದೆ ಯಾರು ಹಿಂದೆ ಎಂಬುದು ಅಲ್ಲಿ ಎಲ್ಲರಿಗೂ ತಿಳಿದಿತ್ತು, ನಿಜ. ಆದರೆ ಆ ತಿಳಿವಳಿಕೆಯಿಂದ ಹಿಂದಿನವನಿಗೆ ಒಬ್ಬ ಗುರುವು ದೊರೆಯುತ್ತಿದ್ದನು. ನಮ್ಮ ಇಂದಿನ ಪಟ್ಟಿಯಿಂದ ಅವನಿಗೆ ದೊರೆಯುವುದೇನು?

ನಮ್ಮ ದೇಶದ ಈ ಕ್ರಮವೇ ಮದರಾಸಿನ ಎಗ್ಮೂರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯ ಮೂಲಕ ಇಂಗ್ಲೆಂಡಿಗೆ ಹೋಯಿತು. ಮರಳಿನ ಮೇಲೆ ಬರೆಯಿಸುವುದನ್ನೂ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವುದನ್ನೂ ಅವನು ಇಲ್ಲಿ ಕಂಡು, ಸ್ವದೇಶಕ್ಕೆ ಮರಳಿದ ಮೇಲೆ 1797ರಲ್ಲಿ ಅದನ್ನು ಕುರಿತು ಪುಸ್ತಕ ಬರೆದನು. ಅದಕ್ಕೆ “ಮದರಾಸು ಪದ್ಧತಿ” ಎಂದೇ ಹೆಸರು ಬಂದಿತು. ಆದರೆ ಅವನ ಪದ್ಧತಿಯಲ್ಲಿ ಇನ್ನೊಂದು ಅಂಶವೂ ಇದ್ದಿತು. ಸರಿಯಾಗಿ ಉತ್ತರಿಸಿದ ಮಗುವು ತಪ್ಪು ಹೇಳಿದವನನ್ನು ಹಿಂದಕ್ಕೆ ಹಾಕಿ ಸಾಲಿನಲ್ಲಿ ಮುಂದಕ್ಕೆ ಸರಿಯಬೇಕು. ಯೂರೋಪಿನಲ್ಲಿ ಈ ಬಗೆಯ ಪೈಪೋಟಿಗೆ ಇನ್ನೂ ಹಳೆಯ ಬೇರುಗಳಿದ್ದುವು. 1599ರಲ್ಲಿ ಜೆಸುಯಿಟ್ ಪಾದ್ರಿಗಳು ತಮ್ಮ ಶಾಲೆಗಳಿಗಾಗಿ ಗೊತ್ತುಪಡಿಸಿದ ನಿಯಮಾವಳಿಯಲ್ಲಿ ವಿದ್ಯಾರ್ಥಿಗಳ ಸ್ಪರ್ಧೆಗೆ ಮುಖ್ಯವಾದ ಸ್ಥಾನವಿದ್ದಿತು. ಒಬ್ಬೊಬ್ಬ ಹುಡುಗನಿಗೂ ಒಬ್ಬೊಬ್ಬ ಪ್ರತಿಸ್ಪರ್ಧಿಯು ಇರುತ್ತಿದ್ದನು.

ಈ ಮಾರ್ಗವು ತನ್ನ ಶಿಖರವನ್ನು ಮುಟ್ಟಿದುದು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯ ಗಣಿತದ ಪದವಿಪರೀಕ್ಷೆಯಲ್ಲಿ ತೇರ್ಗಡೆಯಾದವರ ಹೆಸರುಗಳನ್ನು ಮೊದಲನೆಯವನಿಂದ ಕೊನೆಯವನ ವರೆಗೆ ಕ್ರಮವಾಗಿ ಎಲ್ಲರೆದುರಿಗೆ ಓದುತ್ತಿದ್ದರು. ಮೊದಲನೆಯವನಿಗೆ “ಸೀನಿಯರ್ ರ‍್ಯಾಂಗ್ಲರ್” ಎಂಬ ಬಿರುದು. 1899ರಲ್ಲಿ ಆರ್. ಪಿ. ಪರಾಂಜಪೆಯವರು ಆ ಸ್ಥಾನವನ್ನು ಪಡೆದಾಗ ಭಾರತದ ಉದ್ದಗಲಕ್ಕೂ ಹಬ್ಬವಾಯಿತು. ಭಾರತೀಯನೊಬ್ಬನಿಗೆ ಆ ಗೌರವವು ದೊರೆತುದು ಅದೇ ಮೊದಲು. ಆದರೆ ಸಾಲಿಗೆ ಒಂದು ತಲೆಯಿದ್ದರೆ ಒಂದು ಬಾಲವೂ ಇರಲೇಬೇಕಷ್ಟೆ. ಕಟ್ಟಕಡೆಯವನು ಪದವಿಯನ್ನು ಸ್ವೀಕರಿಸಲು ಬಂದಾಗ, ಮೇಲಿನ ಉಪ್ಪರಿಗೆಯಿಂದ ಸಹಪಾಠಿಗಳು ಒಂದು ದೊಡ್ಡ ಮರದ ಸೌಟನ್ನು ಹಗ್ಗ ಕಟ್ಟಿ ಅವನ ಮುಂದೆ ಇಳಿಬಿಡುತ್ತಿದ್ದರು. ಗಣಿತದ ಅತಿ ಕಠಿಣವಾದ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾದವನಿಗೆ ದೊರೆತ ಮರ್ಯಾದೆ ಇದು! ವಿಶ್ವವಿದ್ಯಾನಿಲಯವು ಈ ಸ್ಥಾನಕ್ರಮದ ಪ್ರಕಟಣೆಯನ್ನು 1909ರ ಬಳಿಕ ನಿಲ್ಲಿಸಿತು. ಅಂದಿಗೆ ಸೌಟಿನ ಕಥೆಯೂ ಮುಗಿಯಿತು.

ಹಾಗೆಂದು ಬಹಿರಂಗ ಪ್ರಕಟಣೆಯಿಂದ ಕೇಡೇ ಆಯಿತೆಂದು ಹೇಳಿದರೆ ಅದು ನ್ಯಾಯವಾಗಲಾರದು. ಅದೇ ಕೇಂಬ್ರಿಜ್ಜಿನಲ್ಲಿ 1890ರಲ್ಲಿ ನಡೆದುದನ್ನು ಕೇಳಿರಿ. ಆಗ ಸ್ತ್ರೀಯರು ಪರೀಕ್ಷೆಗೆ ಕುಳಿತುಕೊಳ್ಳಬಹುದಾಗಿತ್ತು. ಪದವಿಯನ್ನು ಮಾತ್ರ ಪಡೆಯುವಂತಿರಲಿಲ್ಲ. ಅವರ ಹೆಸರುಗಳನ್ನು ಪುರುಷರ ಪಟ್ಟಿಯಾದ ಬಳಿಕ ಬೇರೆಯಾಗಿ ಓದಿ, ಪುರುಷರಲ್ಲಿ ಎಷ್ಟನೆಯವನಿಗೆ ಸಮಾನರೆಂದು ಹೇಳುತ್ತಿದ್ದರು. ಆ ವರ್ಷ ಫಿಲಿಪಾ ಫಾಸೆಟ್ ಎಂಬ ತರುಣಿಯ ಹೆಸರು ಬಂದಾಗ, ಈಕೆಯು ಮೊದಲನೆಯವನಿಗಿಂತಲೂ ಮೇಲೆ ಎಂದು ಸಾರಬೇಕಾಯಿತು. ಸ್ತ್ರೀಯರ ಬುದ್ಧಿಗೆ ಗಣಿತವು ಎಟುಕದೆಂದು ವಾದಿಸುತ್ತಿದ್ದವರಿಗೆ ಅದಕ್ಕಿಂತ ಒಳ್ಳೆಯ ಉತ್ತರವು ದೊರೆಯುವಂತಿರಲಿಲ್ಲ. ಅಂಕಗಳನ್ನು ಗುಟ್ಟಾಗಿ ಇಟ್ಟಿದ್ದರೆ ಆ ಸತ್ಯವೂ ಗುಟ್ಟಾಗಿಯೇ ಉಳಿಯುತ್ತಿದ್ದಿತು. ಕೇಂಬ್ರಿಜ್ ಸ್ತ್ರೀಯರಿಗೆ ಪೂರ್ಣವಾದ ಪದವಿಯನ್ನು ಕೊಡಲು ಮೊದಲುಮಾಡಿದುದು 1948ರಲ್ಲಿ ಎಂಬುದು ಬೇರೆ ಮಾತು.

ಬಹಿರಂಗದ ಪಕ್ಷದವರು ಹೇಳುವುದೂ ಇದನ್ನೇ. ಎಲ್ಲವೂ ಬೆಳಕಿನಲ್ಲಿದ್ದರೆ ಉಪಾಧ್ಯಾಯನು ಪಕ್ಷಪಾತ ಮಾಡಲಾರನು. ಜಾತಿಯನ್ನೋ ಸಿರಿವಂತಿಕೆಯನ್ನೋ ನಂಟಸ್ತಿಕೆಯನ್ನೋ ನೋಡಿ ಅಂಕವನ್ನು ಏರಿಸಿದರೆ ಒಡನೆಯೇ ಗೊತ್ತಾಗುವುದು. ಬಡವರ ಮಗುವು ಮೊದಲನೆಯದಾಗಿ ನಿಂತರೆ ಊರೆಲ್ಲ ಅರಿಯುವುದು. ಮೇಲಾಗಿ, ಜೀವನದಲ್ಲಿ ಸೋಲುಗೆಲುವುಗಳು ಇದ್ದೇ ಇರುವಾಗ ಮಕ್ಕಳನ್ನು ಅರಳೆಯಲ್ಲಿ ಸುತ್ತಿ ಬೆಳೆಸುವುದು ಹಿತವೆ? ಈ ವಾದಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆನು. ಆದರೆ ಇದಕ್ಕೆ ಎದುರಾದ ವಾದವು ಒಮ್ಮೆ ಒಂದು ದೇಶದ ಅತ್ಯುನ್ನತ ನ್ಯಾಯಾಲಯದ ವರೆಗೂ ಹೋಗಿತ್ತು. ಆ ವೃತ್ತಾಂತವು ನಮ್ಮ ವಾಚಕರಿಗೆ ಹೊಸದಾಗಿರಬಹುದು.

ಅಮೆರಿಕದ ಒಕ್ಲಹೋಮ ಸಂಸ್ಥಾನದಲ್ಲಿ ಟಲ್ಸಾ ನಗರದ ಸಮೀಪದಲ್ಲಿ ಒವಾಸೊ ಎಂಬ ಊರಿದೆ. ಅಲ್ಲಿಯ ಶಾಲೆಗಳಲ್ಲಿ ಒಂದು ರೂಢಿಯಿದ್ದಿತು. ಸಣ್ಣ ಪರೀಕ್ಷೆಯಾದ ಮೇಲೆ ಮಕ್ಕಳು ತಮ್ಮ ಕಾಗದಗಳನ್ನು ಒಬ್ಬರಿಗೊಬ್ಬರು ಬದಲಿಸಿಕೊಳ್ಳುವರು. ಉಪಾಧ್ಯಾಯರು ಸರಿಯುತ್ತರಗಳನ್ನು ಹೇಳುತ್ತ ಹೋದಂತೆ ಒಬ್ಬರ ಕಾಗದವನ್ನು ಇನ್ನೊಬ್ಬರು ತಿದ್ದುವರು. ಕಾಗದಗಳು ಹಿಂದಿರುಗಿದ ಮೇಲೆ ಉಪಾಧ್ಯಾಯರು ಕೇಳಿದಾಗ ತಂತಮ್ಮ ಅಂಕಗಳನ್ನು ಗಟ್ಟಿಯಾಗಿ ಹೇಳುವರು. ಬೇಡವೆಂದವರು ಮೇಜಿನ ಬಳಿಗೆ ಹೋಗಿ ಗುಟ್ಟಾಗಿಯೂ ಹೇಳಬಹುದಾಗಿತ್ತು. ಫಾಲ್ವೊ ಎಂಬ ತಾಯಿಯ ಮಕ್ಕಳು ಆ ಶಾಲೆಗಳಲ್ಲಿ ಓದುತ್ತಿದ್ದರು. ಇದರಿಂದ ತನ್ನ ಮಕ್ಕಳಿಗೆ ಬಹಳ ನಾಚಿಕೆಯಾಗುವುದೆಂದೂ ಈ ರೂಢಿಯನ್ನು ನಿಲ್ಲಿಸಬೇಕೆಂದೂ ಆಕೆಯು ಕೇಳಿಕೊಂಡಳು. ಶಾಲೆಗಳ ಆಡಳಿತವು ಒಪ್ಪಲಿಲ್ಲ. 1998ರಲ್ಲಿ ಆಕೆಯು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದಳು.

ಆಕೆಗೆ ಆಧಾರವಾಗಿದ್ದುದು 1974ರಲ್ಲಿ ಆ ದೇಶವು ಮಾಡಿದ ಒಂದು ಶಾಸನ. ವಿದ್ಯಾರ್ಥಿಯ ಶಿಕ್ಷಣಕ್ಕೆ ಸಂಬಂಧಪಟ್ಟ ದಾಖಲೆಗಳನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಇತರರಿಗೆ ತಿಳಿಸುವ ಶಾಲೆಗಳಿಗೆ ಕೇಂದ್ರ ಸರ್ಕಾರದ ಹಣವು ದೊರೆಯದೆಂದು ಅದು ವಿಧಿಸುವುದು. ಸಹಪಾಠಿಯ ಕೈಯಲ್ಲಿರುವ ತಿದ್ದಿದ ಕಾಗದವೂ ಅಂತಹ ದಾಖಲೆಯೇ ಅಲ್ಲವೆ ಎಂಬುದು ಪ್ರಶ್ನೆಯಾಯಿತು. 2000ದಲ್ಲಿ ಮೇಲ್ಮನವಿಯ ನ್ಯಾಯಾಲಯವು ಹೌದೆಂದು ತಾಯಿಯ ಪಕ್ಷವನ್ನು ಹಿಡಿಯಿತು. ಆದರೆ 2002ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಆಂಟನಿ ಕೆನೆಡಿಯವರು ಬರೆದ ತೀರ್ಪಿನ ಸಾರವೇನೆಂದರೆ: ದಾಖಲೆಯೆಂದರೆ ಶಾಲೆಯು ಕಾಪಾಡಿ ಇಟ್ಟುಕೊಂಡಿರುವ ಪತ್ರ; ಉಪಾಧ್ಯಾಯರ ಪುಸ್ತಕಕ್ಕೆ ಇನ್ನೂ ಏರದೆ, ಮಗುವಿನ ಕೈಯಲ್ಲಿ ಕ್ಷಣಕಾಲ ಇರುವ ಕಾಗದವು ಆ ಶಬ್ದದ ವ್ಯಾಪ್ತಿಗೆ ಬಾರದು. ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದುವುದೂ ಪಾಠದ ಒಂದು ಭಾಗವಾಗಬಹುದು. ದಿನದಿನದ ಇಂತಹ ಸಣ್ಣ ಕೆಲಸಗಳಲ್ಲಿ ಕೇಂದ್ರದ ಶಾಸನವು ಕೈಹಾಕುವುದೆಂದು ಭಾವಿಸಲಾಗದು.

ತಾಯಿಯು ಸೋತಳೆಂದು ಜನರು ಹೇಳಿದರು. ಆದರೆ ತೀರ್ಪನ್ನು ಸಾವಧಾನವಾಗಿ ನೋಡಿದರೆ, ಶಾಸನವು ಇದನ್ನು ನಿಷೇಧಿಸಿಲ್ಲವೆಂದು ನ್ಯಾಯಾಲಯವು ಹೇಳಿತೇ ಹೊರತು, ಅಂಕಗಳನ್ನು ಕೂಗಿ ಹೇಳಿಸುವುದು ಮಕ್ಕಳಿಗೆ ಹಿತವೆಂದು ಹೇಳಲಿಲ್ಲ. ಶಾಲೆಯು ಕಾಪಾಡಿಕೊಂಡ ಅಂಕಗಳನ್ನು ಹೆಸರಿನೊಡನೆ ಗೋಡೆಗೆ ಅಂಟಿಸುವುದಕ್ಕೆ ಆ ದೇಶದಲ್ಲಿ ಇಂದಿಗೂ ಒಪ್ಪಿಗೆ ಬೇಕು. ಕಾನೂನು ತಡೆಯದ ಕೆಲಸಗಳೆಲ್ಲ ಒಳ್ಳೆಯ ಕೆಲಸಗಳಲ್ಲವೆಂಬುದು ನಮ್ಮ ಅಜ್ಜಿಯರಿಗೂ ತಿಳಿದಿದ್ದ ನೀತಿ. ಹಿತಾಹಿತದ ಪ್ರಶ್ನೆಗೆ ಉತ್ತರವನ್ನು ನ್ಯಾಯಾಲಯದಲ್ಲಿ ಅಲ್ಲ, ತರಗತಿಯಲ್ಲಿಯೇ ಹುಡುಕಬೇಕಾಗಿದೆ.

ಹಾಗೆ ಹುಡುಕಿದವರೂ ಇರುವರು. ಇಸ್ರೇಲಿನ ರೂತ್ ಬಟ್ಲರ್ ಎಂಬ ವಿದುಷಿಯು 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಶಿಕ್ಷಣಶಾಸ್ತ್ರದಲ್ಲಿ ಹೆಸರಾದುದು. ಐದನೆಯ ಮತ್ತು ಆರನೆಯ ತರಗತಿಯ ಮಕ್ಕಳನ್ನು ಆಕೆಯು ಮೂರು ಗುಂಪು ಮಾಡಿದಳು. ಮೊದಲ ಗುಂಪಿಗೆ ಅವರ ಕೆಲಸದ ಮೇಲೆ ಅಂಕವನ್ನು ಮಾತ್ರ ಕೊಟ್ಟಳು, ಎರಡನೆಯದಕ್ಕೆ ಎಲ್ಲಿ ಸರಿಯಾಗಿದೆ, ಎಲ್ಲಿ ತಿದ್ದಿಕೊಳ್ಳಬೇಕು ಎಂಬ ಟಿಪ್ಪಣಿಯನ್ನು ಮಾತ್ರ, ಮೂರನೆಯದಕ್ಕೆ ಎರಡನ್ನೂ. ಟಿಪ್ಪಣಿಯನ್ನು ಮಾತ್ರ ಪಡೆದವರು ಮುಂದಿನ ಕೆಲಸದಲ್ಲಿ ಮೇಲಾದರು. ಅವರ ಆಸಕ್ತಿಯೂ ಉಳಿದುಬಂದಿತು. ಅಂಕವನ್ನು ಮಾತ್ರ ಪಡೆದವರಲ್ಲಿ ಅಂತಹ ಪ್ರಯೋಜನವು ಕಾಣಲಿಲ್ಲ. ಎರಡನ್ನೂ ಪಡೆದವರಾದರೂ ಟಿಪ್ಪಣಿಯ ಲಾಭವನ್ನು ಪಡೆಯಲಿಲ್ಲ! ಅಂಕವನ್ನು ಕಂಡ ಕಣ್ಣಿಗೆ ಅದರ ಪಕ್ಕದ ಬುದ್ಧಿವಾದವು ಕಾಣದು. ಗುಟ್ಟಾಗಿ ಕೊಟ್ಟ ಅಂಕಕ್ಕೇ ಇಷ್ಟು ಶಕ್ತಿಯಿರುವಾಗ, ನಲವತ್ತು ಜನರೆದುರಿಗೆ ಕೂಗಿದ ಅಂಕವು ಟಿಪ್ಪಣಿಗೆ ಎಡೆಯನ್ನು ಕೊಡುವುದುಂಟೆ?

“ಓದದಿದ್ದರೂ ಯಾರು ಹೇಗೆಂಬುದು ಮಕ್ಕಳಿಗೆ ತಿಳಿದೇ ಇರುವುದು” ಎಂದು ಕೆಲವರು ಆಕ್ಷೇಪಿಸಬಹುದು. ಇದು ನಿಜವೇ. ಮನುಷ್ಯನು ತನ್ನ ಶಕ್ತಿಯನ್ನು ಅಕ್ಕಪಕ್ಕದವರೊಡನೆ ಹೋಲಿಸಿಯೇ ಅಳೆಯುವನೆಂದು ಲಿಯೋನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲಿಯೇ ಪ್ರತಿಪಾದಿಸಿದರು. ಸಮಾನವಾದ ಶಕ್ತಿಯುಳ್ಳ ಇಬ್ಬರು ಮಕ್ಕಳಲ್ಲಿ, ಬಹು ಜಾಣರ ನಡುವೆ ಬಿದ್ದವನು ತನ್ನನ್ನು ದಡ್ಡನೆಂದೂ ಸಾಧಾರಣರ ನಡುವೆ ಬೆಳೆದವನು ತನ್ನನ್ನು ಜಾಣನೆಂದೂ ಎಣಿಸಿಕೊಳ್ಳುವ ಸಂಭವವು ಹೆಚ್ಚೆಂದು ಹರ್ಬರ್ಟ್ ಮಾರ್ಷ್ ಎಂಬವರು ಮುಂದೆ ತೋರಿಸಿಕೊಟ್ಟರು. ಹೋಲಿಕೆಯನ್ನು ಯಾರೂ ತಡೆಯಲಾರರು. ಆದರೆ ಮಗುವು ತಾನಾಗಿ ಹೋಲಿಸಿಕೊಳ್ಳುವುದಕ್ಕೂ, ಅದು ಗೌರವಿಸುವ ಗುರುವೇ ಎದ್ದು ನಿಂತು ಆ ಹೋಲಿಕೆಗೆ ಮುದ್ರೆಯೊತ್ತುವುದಕ್ಕೂ ಬಹಳ ಅಂತರವಿದೆ. ಮನೆಯ ಬಡತನವು ನೆರೆಯವರಿಗೆ ತಿಳಿದಿರುವುದೆಂದು, ಯಾರಾದರೂ ಬೀದಿಯಲ್ಲಿ ಡಂಗುರ ಹೊಡೆಸಿದರೆ ನಾವು ಸಹಿಸುವೆವೆ?

ಈ ಅಂತರವನ್ನು ಹಲವು ದೇಶಗಳು ಈಚೆಗೆ ಮನಗಾಣುತ್ತಿವೆ. ಪರೀಕ್ಷೆಯೆಂದರೆ ಪ್ರಾಣವಿಡುವ ಸಿಂಗಪುರದಲ್ಲಿ, ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರ ಹೆಸರುಗಳನ್ನು ಪ್ರಕಟಿಸುವುದನ್ನು ಸರ್ಕಾರವು 2012ರಲ್ಲಿ ಕೈಬಿಟ್ಟಿತು. 2019ರಿಂದ ಮಕ್ಕಳ ಪ್ರಗತಿಪತ್ರದಲ್ಲಿ ತರಗತಿಯಲ್ಲಿ ಎಷ್ಟನೆಯ ಸ್ಥಾನವೆಂದು ಬರೆಯುವುದನ್ನೂ ನಿಲ್ಲಿಸಿತು. ಸಾವಿರಾರು ವರ್ಷಗಳಿಂದ ಪರೀಕ್ಷೆಗಳ ತವರುಮನೆಯಾದ ಚೀನಾದಲ್ಲಿ 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮಗಳು, ವಿದ್ಯಾರ್ಥಿಗಳ ಅಂಕಗಳನ್ನೂ ಸ್ಥಾನಗಳನ್ನೂ ಶಾಲೆಗಳು ಬಹಿರಂಗಪಡಿಸಕೂಡದೆಂದು ವಿಧಿಸಿದುವು. ನಮ್ಮಲ್ಲಿಯೂ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು 2023ರಲ್ಲಿಯೂ 2024ರಲ್ಲಿಯೂ ಫಲಿತಾಂಶಗಳನ್ನು ಹೊರಡಿಸಿದಾಗ, ಅನಾರೋಗ್ಯಕರವಾದ ಸ್ಪರ್ಧೆಗೆ ಎಡೆಯಾಗದಿರಲೆಂದು ಶ್ರೇಷ್ಠರ ಪಟ್ಟಿಯನ್ನು ಪ್ರಕಟಿಸಲಿಲ್ಲ. ಕರ್ನಾಟಕದಲ್ಲಿ ಮಾತ್ರ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ 625ಕ್ಕೆ 625 ಪಡೆದವರಾರೆಂಬ ಕುತೂಹಲವು ಇನ್ನೂ ಊರೂರಿನಲ್ಲಿ ಹರಿದಾಡುವುದು. ನಾಲ್ಕು ಬೀದಿ ಕೂಡುವಲ್ಲಿ ಎಳೆಯ ಮುಖಗಳೂ ಅಂಕಗಳೂ ಫಲಕಗಳಾಗಿ ತೂಗುವುವು. ಆ ಫಲಕದಲ್ಲಿ ಇಲ್ಲದ ಮಕ್ಕಳೂ ಅದರ ಕೆಳಗೇ ನಡೆದು ಮನೆಗೆ ಹೋಗಬೇಕು.

ಹಾಗಾದರೆ ಎಲ್ಲ ಅಂಕಗಳನ್ನೂ ಬೀಗಹಾಕಿ ಇಡಬೇಕೆ? ಇಲ್ಲಿ ಒಂದು ವಿವೇಕವು ಅವಶ್ಯಕ. ಅಂಕವು ಎರಡು ಬಗೆಯ ಕೆಲಸಗಳನ್ನು ಮಾಡುವುದು. ಒಮ್ಮೆ ಅದು ಹಲವರು ಬಯಸುವ ಒಂದು ವಸ್ತುವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು. ಸರ್ಕಾರದ ಕೆಲಸ, ವೈದ್ಯಕೀಯ ಕಾಲೇಜಿನ ಸ್ಥಾನ, ವಿದ್ಯಾರ್ಥಿವೇತನ ಮೊದಲಾದುವು ಇಂತಹವು. ಅಲ್ಲಿ ನನಗೆ ದೊರೆಯದುದು ನಿನಗೆ ದೊರೆತಿರುವುದರಿಂದ, ನಿನ್ನ ಅಂಕವನ್ನು ತಿಳಿಯುವ ಹಕ್ಕು ನನಗುಂಟು. ಅಲ್ಲಿ ಗುಟ್ಟು ಹೆಚ್ಚಿದಷ್ಟೂ ಅನ್ಯಾಯವು ಹೆಚ್ಚುವುದು. ಇನ್ನೊಮ್ಮೆ ಅಂಕವು ಕಲಿಯುವವನಿಗೆ ತಾನು ಎಲ್ಲಿದ್ದೇನೆಂಬುದನ್ನು ತೋರಿಸುವ ದೀಪವಾಗಿರುವುದು. ಏಳನೆಯ ತರಗತಿಯ ಹುಡುಗಿಗೆ ಭಿನ್ನರಾಶಿಯಲ್ಲಿ 25ಕ್ಕೆ 9 ಬಂದರೆ ಅದರಿಂದ ಪಕ್ಕದವಳು ಕಳೆದುಕೊಳ್ಳುವುದೇನೂ ಇಲ್ಲ. ಆಕೆಗೆ ಅದನ್ನು ತಿಳಿಯುವ ಅಧಿಕಾರವಾದರೂ ಎಲ್ಲಿಂದ ಬಂದಿತು? ವೈದ್ಯರು ರೋಗಿಯ ಜ್ವರದ ಪ್ರಮಾಣವನ್ನು ರೋಗಿಗೂ ಮನೆಯವರಿಗೂ ಹೇಳುವರು. ಹೊರಗೆ ಕಾದು ಕುಳಿತವರಿಗೆಲ್ಲ ಓದಿ ಹೇಳುವುದಿಲ್ಲ.

ಪಕ್ಷಪಾತದ ಭಯಕ್ಕೂ ಇದರಲ್ಲಿಯೇ ಪರಿಹಾರವಿದೆ. ತೆರೆದಿಡಬೇಕಾದುದು ಅಳತೆಗೋಲನ್ನು, ಅಳೆಯಿಸಿಕೊಂಡವರನ್ನಲ್ಲ. ಯಾವ ಉತ್ತರಕ್ಕೆ ಎಷ್ಟು ಅಂಕ, ಏತಕ್ಕೆ ಅಷ್ಟು ಎಂಬುದನ್ನು ಹಲಗೆಯ ಮೇಲೆ ಬರೆಯಲಿ. ಹೆಸರನ್ನು ಮರೆಮಾಡಿ ಒಂದು ಒಳ್ಳೆಯ ಉತ್ತರವನ್ನು ಎಲ್ಲರಿಗೂ ಓದಿ ತೋರಿಸಲಿ. ತಿದ್ದಿದ ತನ್ನ ಕಾಗದವನ್ನು ಪ್ರತಿಯೊಬ್ಬನೂ ನೋಡಿ ಪ್ರಶ್ನಿಸುವಂತಿರಲಿ. ಬಹಿರಂಗ ಪರೀಕ್ಷೆಗಳ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2011ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿದು, ತಿದ್ದಿದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ ವಿದ್ಯಾರ್ಥಿಗೆ ಉಂಟೆಂದು ಹೇಳಿತು. ತನ್ನದನ್ನು ತಾನು ನೋಡುವುದು ಹಕ್ಕು. ಇತರರದನ್ನು ಎಲ್ಲರೂ ನೋಡುವುದು ಬೇರೆಯ ಮಾತು.

ಇನ್ನು ಎಲ್ಲರೆದುರಿಗೆ ಹೀನಾಯಮಾಡುವುದನ್ನಂತೂ ನಮ್ಮ ಶಾಸನವೇ ಒಪ್ಪದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುವುದು. ಬೆತ್ತವನ್ನು ಕೆಳಗಿಟ್ಟ ನಾವು ನಾಲಗೆಯನ್ನು ಬೆತ್ತವಾಗಿ ಮಾಡಿಕೊಂಡರೆ ಪ್ರಯೋಜನವೇನು?

ಉಪಾಧ್ಯಾಯ ಮಿತ್ರರು ಮಾಡಬಹುದಾದುದು ಬಹು ಸುಲಭ. ಕಾಗದಗಳನ್ನು ಹಾಜರಿಯ ಕ್ರಮದಲ್ಲಿ ಹಂಚಲಿ. ಅಂಕವನ್ನು ಹೊರಮೈಯಲ್ಲಿ ಕೆಂಪು ಮಸಿಯಿಂದ ದಪ್ಪನಾಗಿ ಬರೆಯುವ ಬದಲು ಒಳಪುಟದಲ್ಲಿ ಬರೆಯಲಿ. ತರಗತಿಯ ಸರಾಸರಿಯನ್ನೂ ಅತಿ ಹೆಚ್ಚಿನ ಅಂಕವನ್ನೂ ಹೆಸರಿಲ್ಲದೆ ಹೇಳಿದರೆ ತನ್ನ ಸ್ಥಾನವನ್ನು ತಿಳಿಯಬೇಕೆಂಬ ಮಗುವಿಗೆ ಅಷ್ಟು ಸಾಕು. ಒಂದೇ ಒಂದು ಸಾಲಾದರೂ ಸರಿ, ಮುಂದೇನು ಮಾಡಬೇಕೆಂದು ಬರೆಯಲಿ. ಗುಂಪಿಗೆ ಅಂಕಪಟ್ಟಿಯನ್ನು ಕಳುಹಿಸುವ ಬೆರಳು ಒಂದು ಕ್ಷಣ ತಡೆದು, ಒಬ್ಬೊಬ್ಬರಿಗೂ ಅವರವರದನ್ನೇ ಕಳುಹಿಸಲಿ.

ಮನೆಯವರ ಹೊಣೆಯು ಇದಕ್ಕಿಂತಲೂ ಹೆಚ್ಚಿನದು. ಮಗುವು ಶಾಲೆಯಿಂದ ಬಂದಾಗ “ಎಷ್ಟು ಬಂತು?” ಎಂಬುದೇ ನಮ್ಮ ಮೊದಲ ಮಾತು, “ನೆರೆಮನೆಯವನಿಗೆ ಎಷ್ಟು?” ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನು ನುಂಗಿಕೊಳ್ಳುವ ಮನೆಯಲ್ಲಿ ಅರ್ಧ ಕಷ್ಟವು ತೀರಿತು. “ಯಾವುದು ತಿಳಿಯಲಿಲ್ಲ? ತೋರಿಸು” ಎಂದರೆ ಮಗುವು ಕಾಗದವನ್ನು ಚೀಲದಿಂದ ತಾನೇ ತೆಗೆಯುವುದು. ಬಂದ ನೆಂಟರೆದುರಿಗೆ ಮಕ್ಕಳ ಅಂಕಗಳನ್ನು, ಹೆಚ್ಚಾಗಿದ್ದರೂ ಸರಿಯೇ, ಹೇಳದಿರುವುದು ಒಳ್ಳೆಯದು. ಅಣ್ಣನ ಅಂಕವನ್ನು ಹೊಗಳುವಾಗ ತಮ್ಮನು ಬಾಗಿಲ ಸಂದಿಯಲ್ಲಿ ನಿಂತಿರುವನೆಂಬುದನ್ನು ನಾವು ಮರೆಯುವೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ದೊಡ್ಡವರಿಗಾಗಿ ಹುಟ್ಟಿದುದು.

ಈಗ ನನ್ನ ಆ ಹುಡುಗನ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ವಿದ್ಯುತ್ತಿನ ತಂತಿಗಳನ್ನು ಸರಿಪಡಿಸಲು ಒಬ್ಬನು ಬಂದಿದ್ದನು. ನಡುವಯಸ್ಸು, ಜೊತೆಯಲ್ಲಿ ಇಬ್ಬರು ಕೆಲಸಗಾರರು. ನನ್ನನ್ನು ಕಂಡೊಡನೆ ಗುರುತಿಸಿ ನಮಸ್ಕರಿಸಿದನು. ಎಷ್ಟು ಗಜ ತಂತಿ ಬೇಕು, ಅದಕ್ಕೆಷ್ಟು ಬೆಲೆ, ಯಾವ ಕೊಠಡಿಗೆ ಎಷ್ಟು ಭಾರ ಎಂಬುದನ್ನೆಲ್ಲ ಕಾಗದದ ಹಂಗಿಲ್ಲದೆ ನಿಂತ ನಿಲುವಿನಲ್ಲಿಯೇ ಲೆಕ್ಕಹಾಕಿ ಹೇಳಿದನು. ಒಂದು ಪೈಸೆಯೂ ತಪ್ಪಿರಲಿಲ್ಲ. ನನ್ನ ತರಗತಿಯಲ್ಲಿ ಕೊನೆಯವನಾಗಿದ್ದವನು ಇವನೇ! ಕೆಲಸ ಮುಗಿದು ಕಾಫಿಯನ್ನು ಕುಡಿಯುತ್ತಿರುವಾಗ, ಮಗಳು ಒಂಬತ್ತನೆಯ ತರಗತಿಯಲ್ಲಿರುವಳೆಂದು ತಿಳಿಸಿದನು. ಚೆನ್ನಾಗಿ ಓದುವಳೆ ಎಂದು ಕೇಳಿದೆನು. “ಓದುತ್ತಾಳೆ ಎಂದು ಅವರಮ್ಮ ಹೇಳುತ್ತಾಳೆ ಸಾರ್. ಶಾಲೆಯಲ್ಲಿ ತಂದೆತಾಯಿಗಳನ್ನು ಕರೆದು ಅಂಕ ಓದುತ್ತಾರೆ. ಆ ದಿನ ನಾನು ಹೋಗುವುದಿಲ್ಲ. ಒಮ್ಮೆ ಹೋಗಿದ್ದೆ. ಹೆಸರು ಓದತೊಡಗಿದ ಕೂಡಲೇ ನನಗೇ ಅರಿವಿಲ್ಲದೆ ಎದ್ದು ನಿಂತುಬಿಟ್ಟೆ” ಎಂದು ಹೇಳಿ, ಮೊದಲಿನಂತೆಯೇ ನಕ್ಕನು.

ಅಂದು ಮಾತ್ರ ನಾನು ನಗಲಿಲ್ಲ. ಹುಡುಗನ ನಗುವು ಏನನ್ನು ಮುಚ್ಚುತ್ತಿದ್ದಿತೆಂಬುದನ್ನು ತಿಳಿಯಲು ನನಗೆ ಅಷ್ಟು ವರ್ಷಗಳು ಬೇಕಾದುವು. ಅವನಿಗೆ ನಾನು ಕಲಿಸಿದ ಬೀಜಗಣಿತವು ಅವನ ನೆನಪಿನಲ್ಲಿ ಉಳಿದಿದೆಯೋ ಇಲ್ಲವೋ ಅರಿಯೆನು; ಕಾಗದದ ಕಟ್ಟು ತೆಳ್ಳಗಾಗುವಾಗ ಎದ್ದು ನಿಲ್ಲಬೇಕೆಂಬ ಪಾಠವು ಉಳಿದಿದೆ. ಅವನ ಕ್ಷಮೆಯನ್ನು ಕೇಳಿದೆನು. “ಅಯ್ಯೋ, ತಾವೇನು ಬೇಕೆಂದು ಮಾಡಿದಿರಾ ಸಾರ್” ಎಂದನು. ಬೇಕೆಂದು ಮಾಡಲಿಲ್ಲ, ನಿಜ. ಯೋಚಿಸದೆ ಮಾಡಿದೆನು. ಇಂದು ತರಗತಿಗಳಲ್ಲಿ ನಿಂತಿರುವ ನನ್ನ ಕಿರಿಯ ಮಿತ್ರರು ಕಟ್ಟಿನ ದಾರವನ್ನು ಬಿಚ್ಚುವ ಮೊದಲು ಒಂದು ಕ್ಷಣ ಯೋಚಿಸುವುದಾದರೆ, ಈ ಬರಹದ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆನು. ಆತನ ಮಗಳ ಶಾಲೆಯ ಮುಂದಿನ ಸಭೆಗೆ ಅವನೂ ಹೋಗುವಂತಾಗಲಿ.